‘ವಿಪರೀತ’ ಅಂದರೇನು? ಅರ್ಥ, ಹುಟ್ಟು, ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಕಾಲಿಟ್ಟಿತೆಂದರೆ ಕಲಬುರಗಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಇದೇ ಪದ. ‘ಬಿಸಲ ವಿಪರೀತ ಅದ್ರಿ.’ ಆಗಸ್ಟಿನಲ್ಲಿ ತೊಗರಿ ಹೊಲದಾಗ ನೀರು ನಿಂತರೆ ‘ಮಳಿ ವಿಪರೀತ ಆತು’. ಇಷ್ಟು ಬಳಕೆಯ ಪದವಾದರೂ ಇದರ ಬಗ್ಗೆ ವಿದ್ಯಾರ್ಥಿಗಳು, ಪತ್ರಿಕೆಗೆ ಬರೆಯುವವರು, ಮರಾಠಿ ಮತ್ತು ಹಿಂದಿಯಿಂದ ಅನುವಾದ ಮಾಡುವವರು ಮೇಲಿಂದ ಮೇಲೆ ಪ್ರಶ್ನೆ ಕೇಳುತ್ತಾರೆ. ಕನ್ನಡ ಕಲಿಸುವವನಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ವಿಪರೀತ ಅಂದರೆ ‘ಬಹಳ’ ಅಂತಲೋ, ‘ಉಲ್ಟಾ’ ಅಂತಲೋ?

ಎರಡೂ ಹೌದು. ಹಳೆಯ ಅರ್ಥ ‘ತಿರುಗಿದ್ದು, ಎದುರಾದದ್ದು, ಉಲ್ಟಾ’. ಇವತ್ತಿನ ಕನ್ನಡದ ಮಾತಿನಲ್ಲಿ ‘ಅಳತೆ ಮೀರಿದ್ದು, ಬಹಳ ಹೆಚ್ಚು’. ನೂರಕ್ಕೆ ತೊಂಬತ್ತು ಸಲ ನಾವು ಎರಡನೆಯ ಅರ್ಥದಲ್ಲೇ ಆಡುತ್ತೇವೆ. ಆದರೆ ಶಾಸ್ತ್ರ, ಗಾದೆ, ಯೋಗ, ಜ್ಯೋತಿಷ, ವೈದ್ಯದ ಮಾತುಗಳಲ್ಲಿ ಹಳೆಯದೇ ಕೂತಿದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿ.

ಪದ ಹೇಗೆ ಕಟ್ಟಿಕೊಂಡಿದೆ?

ಸಂಸ್ಕೃತದ ‘ಇ’ ಅನ್ನುವ ಧಾತುವಿಗೆ ‘ಹೋಗು’ ಎಂದರ್ಥ. ಅದರಿಂದ ‘ಇತ’, ಅಂದರೆ ಹೋದದ್ದು. ‘ಪರಿ’ ಅಂದರೆ ಸುತ್ತ. ಪರಿ ಮತ್ತು ಇತ ಸೇರಿ ಸವರ್ಣದೀರ್ಘ ಸಂಧಿಯಾಗಿ ‘ಪರೀತ’ ಆಯಿತು. ಮುಂದೆ ‘ವಿ’ ಬಂದು ಕೂತಿತು. ಅದಕ್ಕೆ ಬೇರೆಯಾಗಿ, ಅಗಲಿ ಎಂಬ ಛಾಯೆ. ಸುತ್ತು ಹೊಡೆದು ಬೇರೆ ಕಡೆಗೇ ಹೋದದ್ದು ವಿಪರೀತ. ಹೋಗಬೇಕಾದ ದಾರಿಯಲ್ಲಿ ಹೋಗದೆ ತಿರುಗಿಬಿಟ್ಟದ್ದು ಅನ್ನುವ ಚಿತ್ರ ಪದದ ಒಳಗೇ ಇದೆ.

ಪರೀಕ್ಷೆಯಲ್ಲಿ ಬಿಡಿಸಿ ಬರೆಯುವಾಗ ‘ವಿಪ + ರೀತ’, ‘ವಿಪ + ರೀತಿ’ ಎಂದು ಬರೆಯುವ ಮಕ್ಕಳಿದ್ದಾರೆ. ‘ರೀತಿ’ಗೂ ಇದಕ್ಕೂ ಸಂಬಂಧವಿಲ್ಲ. ರೀತಿ ತಪ್ಪಿದ್ದು ವಿಪರೀತ ಎಂದು ಅರ್ಥ ಹೊಂದಿಕೊಳ್ಳುವುದರಿಂದ ಹಾಗನ್ನಿಸುತ್ತದೆ, ಅಷ್ಟೆ. ‘ರೀ’ ದೀರ್ಘವಾದದ್ದು ಪರಿ ಮತ್ತು ಇತದ ಎರಡು ‘ಇ’ಕಾರಗಳು ಕೂಡಿ.

ಇದೇ ಧಾತುವಿನ ಬೇರೆ ಪದಗಳು ಕನ್ನಡದಲ್ಲಿವೆಯೆ?

ಬೇಕಾದಷ್ಟು. ದಾಟಿ ಹೋದದ್ದು ಅತೀತ. ಮುಂದೆ ಹೊರಟು ಹೋದದ್ದು ಪ್ರೇತ. ಕೂಡಿ ಬಂದದ್ದು ಸಮೇತ. ಮೇಲೆ ಬರುವುದು ಉದಯ. ವ್ಯಯ, ಉಪಾಯ, ನ್ಯಾಯ, ಅಧ್ಯಾಯ ಇವುಗಳ ಬುಡದಲ್ಲೂ ‘ಹೋಗು’ ಎಂಬ ಈ ಪುಟ್ಟ ಧಾತುವೇ ಇದೆ. ಮನೆಗೆ ಬಂದ ಖರ್ಚಿನ ಚೀಟಿಯ ‘ವ್ಯಯ’ಕ್ಕೂ ಸ್ಮಶಾನದ ‘ಪ್ರೇತ’ಕ್ಕೂ ಒಂದೇ ಬೇರು ಅಂದರೆ ತರಗತಿಯಲ್ಲಿ ಹುಡುಗರು ಕಣ್ಣರಳಿಸುತ್ತಾರೆ.

ಎಲ್ಲಕ್ಕಿಂತ ಹತ್ತಿರದ ನಂಟು ‘ಪರ್ಯಾಯ’ದ್ದು. ಅಲ್ಲಿಯೂ ‘ಪರಿ’ ಇದೆ, ‘ಹೋಗು’ ಇದೆ. ಸುತ್ತಿ ಬರುವ ಸರದಿ ಪರ್ಯಾಯ. ಸುತ್ತಿ ಎತ್ತಲೋ ಹೋದದ್ದು ವಿಪರೀತ.

‘ವಿಪರ್ಯಯ’ ಇದೇ ಬೇರಿನದು. ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪು ತಿಳಿವಳಿಕೆಗೆ ಯೋಗಶಾಸ್ತ್ರದಲ್ಲಿ ಆ ಹೆಸರು. ‘ವಿಪರ್ಯಾಸ’ ಮಾತ್ರ ಬೇರೆ. ಅದರ ಧಾತು ‘ಎಸೆ’ ಎಂಬ ಅರ್ಥದ ‘ಅಸ್’. ಉಪಸರ್ಗಗಳು ಒಂದೇ ಇರುವುದರಿಂದ ಅಕ್ಕತಂಗಿಯರ ಹಾಗೆ ಕಾಣುತ್ತವೆ.

‘ಉಲ್ಟಾ’ ಇದ್ದದ್ದು ‘ಬಹಳ’ ಹೇಗಾಯಿತು?

ದಾರಿ ಸಣ್ಣದೇ. ಎದುರಾದದ್ದು ಮೊದಲು ‘ಎಂದಿನ ಹಾಗಿಲ್ಲದ್ದು’ ಆಗುತ್ತದೆ. ಎಂದಿನ ಹಾಗಿಲ್ಲದ್ದು ‘ಎಂದಿನ ಅಳತೆಗೆ ಸಿಗದ್ದು’ ಆಗುತ್ತದೆ. ಅಳತೆಗೆ ಸಿಗದ್ದು ‘ಬಹಳ’ ಆಗಿ ನಿಲ್ಲುತ್ತದೆ. ಒಮ್ಮೆ ಅಲ್ಲಿಗೆ ಬಂದಮೇಲೆ ಕೆಟ್ಟದ್ದೆಂಬ ಭಾವವೂ ಕಳಚಿಬಿಡುತ್ತದೆ. ವಿಪರೀತ ಖುಷಿ, ವಿಪರೀತ ಪ್ರೀತಿ ಅನ್ನುವಾಗ ಅಲ್ಲಿ ತಿರುಗಿ ಹೋದದ್ದು ಏನೂ ಇಲ್ಲ.

ಕನ್ನಡಕ್ಕೆ ಇದು ಹೊಸ ಚಾಳಿಯಲ್ಲ. ‘ಅಸಾಧ್ಯ ತಲೆನೋವು’ ಅನ್ನುತ್ತೇವೆ. ಸಾಧಿಸಲಾಗದ ತಲೆನೋವು ಎಂದು ಅದರ ಅರ್ಥವಲ್ಲ. ‘ಹುಚ್ಚಾಪಟ್ಟೆ ಮಳೆ’ ಅನ್ನುತ್ತೇವೆ. ಮಳೆಗೆ ಹುಚ್ಚು ಹಿಡಿದಿರುವುದಿಲ್ಲ. ‘ಭಯಂಕರ ರುಚಿ’ ಅಂದವನಿಗೆ ಭಯವಾಗಿಲ್ಲ. ಅಳತೆ ಮೀರಿದ್ದನ್ನು ಹೇಳಲು ಬರೀ ‘ಬಹಳ’ ಸಾಲದೆ ಹೋದಾಗ ನಾಲಗೆ ಇಂಥ ಪದಗಳ ಕಡೆ ಕೈ ಚಾಚುತ್ತದೆ.

ನಮ್ಮ ಕಡೆ ಮರಾಠಿ, ತೆಲುಗು, ಹಿಂದಿಯವರೂ ಇದೇ ಪದ ಆಡುತ್ತಾರಲ್ಲ, ಅರ್ಥ ಒಂದೇನಾ?

ಒಂದೇ ಅಲ್ಲ. ಈ ಪುಟ ಬರೆಯಲು ಕುಳಿತದ್ದೇ ಮುಖ್ಯವಾಗಿ ಈ ಪ್ರಶ್ನೆಗಾಗಿ.

ಹಿಂದಿಯಲ್ಲಿ ವಿಪರೀತ ಅಂದರೆ ಇವತ್ತಿಗೂ ‘ವಿರುದ್ಧ’. ‘ವಿಪರೀತ ದಿಶಾ’ ಅಂದರೆ ಎದುರು ದಿಕ್ಕು. ವಿರುದ್ಧಾರ್ಥಕ ಪದಗಳಿಗೆ ಹಿಂದಿ ವ್ಯಾಕರಣ ‘ವಿಪರೀತಾರ್ಥಕ ಶಬ್ದ’ ಎನ್ನುತ್ತದೆ. ಮರಾಠಿಯಲ್ಲಿ ‘ಪ್ರತಿಕೂಲವಾದದ್ದು, ಆಗಬಾರದ್ದು’. ‘ಕಾಹೀತರಿ ವಿಪರೀತ ಘಡಲಂ’ ಅಂದರೆ ಏನೋ ಅನಾಹುತ ಆಗಿದೆ ಎಂದು. ತೆಲುಗಿನಲ್ಲಿ ‘ವಿಪರೀತಂಗಾ’ ಅಂದರೆ ನಮ್ಮ ಹಾಗೆಯೇ ‘ಸಿಕ್ಕಾಪಟ್ಟೆ’. ತಮಿಳಿನ ‘ವಿಪರೀತಂ’ ಕೇಡಿನ ಕಡೆಗೆ ವಾಲಿದೆ, ಮಲಯಾಳದಲ್ಲಿ ‘ವಿರುದ್ಧ’ ಎಂಬುದು ಉಳಿದಿದೆ.

ಬೀದರ್ ಜಿಲ್ಲೆಯಲ್ಲಿ ನಿಂತು ಇದನ್ನು ಯೋಚಿಸಿ. ಒಂದು ಕಡೆ ಉದಗೀರದ ಮರಾಠಿ, ಇನ್ನೊಂದು ಕಡೆ ಜಹೀರಾಬಾದಿನ ತೆಲುಗು, ಬಜಾರಿನಲ್ಲಿ ದಖನಿ, ಮನೆಯಲ್ಲಿ ಕನ್ನಡ. ನಮ್ಮ ಮಕ್ಕಳು ಶಾಲೆಯಲ್ಲಿ ಒಂದು ತಾಸು ಕನ್ನಡದ ‘ವಿಪರೀತ ಚಳಿ’ ಓದಿ, ಮುಂದಿನ ತಾಸು ಹಿಂದಿಯ ‘ವಿಪರೀತಾರ್ಥಕ ಶಬ್ದ’ ಬರೆಯುತ್ತಾರೆ. ಅವರಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಹಿಂದಿಯಲ್ಲಿ ‘ವಿಪರೀತ’ಕ್ಕೆ ‘ಬಹುತ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅದು ಮಗುವಿನ ತಪ್ಪೆಂದು ನಾನು ಒಪ್ಪುವುದಿಲ್ಲ.

ಅನುವಾದದಲ್ಲಿ ಇದರಿಂದ ನಿಜವಾಗಿಯೂ ತೊಂದರೆ ಆಗುತ್ತದೆಯೆ?

ಆಗುತ್ತದೆ. ಔಷಧಿಯ ವಿಷಯವನ್ನೇ ತೆಗೆದುಕೊಳ್ಳಿ. ಮರಾಠಿಯಲ್ಲಿ ‘ವಿಪರೀತ ಪರಿಣಾಮ’ ಅಂದರೆ ದುಷ್ಪರಿಣಾಮ. ಅಕ್ಷರ ಬದಲಿಸಿ ಅದನ್ನೇ ಕನ್ನಡದಲ್ಲಿ ‘ಈ ಔಷಧಿಯಿಂದ ವಿಪರೀತ ಪರಿಣಾಮ ಆಗಬಹುದು’ ಎಂದು ಬರೆದರೆ ಹಳ್ಳಿಯ ಅಜ್ಜ ಏನು ತಿಳಿಯುತ್ತಾನೆ? ‘ಔಷಧ ಜೋರ ಅದ, ಛಲೋ ಕೆಲಸ ಮಾಡ್ತದ’ ಎಂದು. ಎಚ್ಚರಿಕೆಯ ಮಾತು ಹೊಗಳಿಕೆಯ ಮಾತಾಗಿಬಿಟ್ಟಿತು. ಇಲ್ಲಿ ದುಷ್ಪರಿಣಾಮ, ಕೆಟ್ಟ ಪರಿಣಾಮ, ಅಡ್ಡ ಪರಿಣಾಮ ಇವುಗಳಲ್ಲಿ ಒಂದನ್ನು ಬರೆಯಬೇಕು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗೂ ಇದೇ ಮಾತು.

ಹಿಂದಿಯಿಂದ ಸಂಚಾರದ ಸೂಚನೆ ತರುವಾಗಲೂ ಹಾಗೆಯೇ. ‘ವಿಪರೀತ ದಿಕ್ಕಿನಲ್ಲಿ ವಾಹನ ಓಡಿಸಬೇಡಿ’ ಎಂಬುದು ಕನ್ನಡದ ಕಿವಿಗೆ ಮುಟ್ಟುವುದಿಲ್ಲ. ‘ಎದುರು ದಿಕ್ಕಿನಲ್ಲಿ’ ಎಂದರೆ ಮುಗಿಯಿತು.

‘ವಿನಾಶಕಾಲೇ ವಿಪರೀತ ಬುದ್ಧಿಃ’ ಅಂದರೆ ಅತಿಬುದ್ಧಿಯೇ?

ಅಲ್ಲ. ಕೇಡುಗಾಲಕ್ಕೆ ಬುದ್ಧಿ ತಿರುಗಿ ನಿಲ್ಲುತ್ತದೆ ಎಂದು ಅರ್ಥ. ಇದು ಒಂದು ಸುಭಾಷಿತದ ಕೊನೆಯ ಪಾದ. ಬಂಗಾರದ ಜಿಂಕೆ ಹಿಂದೆ ಎಂದೂ ಹುಟ್ಟಿರಲಿಲ್ಲ, ಯಾರೂ ಕಂಡಿರಲಿಲ್ಲ, ಅಂಥದೊಂದು ಇದೆಯೆಂಬ ಸುದ್ದಿಯೂ ಇರಲಿಲ್ಲ. ಆದರೂ ರಾಮನಿಗೆ ಅದರ ಮೇಲೆ ಆಸೆಯಾಯಿತು ಎಂದು ಶ್ಲೋಕ ಹೇಳುತ್ತದೆ. ರಾಮನಿಗೆ ಬುದ್ಧಿ ಹೆಚ್ಚಾಯಿತು ಎಂದಲ್ಲ, ಅಂಥವನ ಬುದ್ಧಿಯೂ ಆ ಗಳಿಗೆಯಲ್ಲಿ ಎದುರು ದಾರಿ ಹಿಡಿಯಿತು ಎಂದು.

ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ‘ನಿಮಿತ್ತಾನಿ ಚ ಪಶ್ಯಾಮಿ ವಿಪರೀತಾನಿ ಕೇಶವ’ ಅನ್ನುವಲ್ಲಿಯೂ ಹೀಗೆಯೇ ತಿಳಿಯಬೇಕು. ಪ್ರತಿಕೂಲವಾದ ಶಕುನಗಳು ಕಾಣುತ್ತಿವೆ ಎಂಬುದು ಅವನ ಮಾತು. ‘ಬಹಳ ಶಕುನಗಳು’ ಎಂದು ಓದಿದರೆ ಅವನ ಸಂಕಟವೇ ಕಳೆದುಹೋಗುತ್ತದೆ.

ಟಿವಿಯಲ್ಲಿ ‘ವಿಪರೀತ ರಾಜಯೋಗ’ ಅನ್ನುತ್ತಾರೆ. ಅದು ಸಿಕ್ಕಾಪಟ್ಟೆ ರಾಜಯೋಗವೋ?

ಕೇಳಿದರೆ ಹಾಗನ್ನಿಸುತ್ತದೆ, ಅದಕ್ಕೇ ಆ ಮಾತಿಗೆ ಅಷ್ಟು ಗಿರಾಕಿ. ಜ್ಯೋತಿಷದಲ್ಲಿ 6, 8, 12ನೇ ಮನೆಗಳು ಕೆಟ್ಟ ಸ್ಥಾನಗಳು. ಅವುಗಳ ಅಧಿಪತಿಗಳು ಅಂಥದೇ ಸ್ಥಾನಗಳಲ್ಲಿ ಕೂತಾಗ, ಕೆಡುಕಿನಿಂದಲೇ ಒಳಿತು ಬರುತ್ತದೆ ಎಂಬ ಎಣಿಕೆಗೆ ಈ ಹೆಸರು. ಎದುರು ಬಾಗಿಲಿಂದ ಬರುವ ಯೋಗ ಅನ್ನಿ. ಜ್ಯೋತಿಷವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪದದ ಅರ್ಥ ಮಾತ್ರ ಇದು.

ಯೋಗದ ‘ವಿಪರೀತ ಕರಣಿ’?

ಅಲ್ಲಿಯೂ ತಿರುಗಿಸುವುದೇ. ತಲೆ ಕೆಳಗೆ, ಕಾಲು ಮೇಲೆ. ಹಠಯೋಗದ ಹಳೆಯ ವಿವರಣೆಯಲ್ಲಿ ಹೊಕ್ಕುಳ ಬಳಿ ಸೂರ್ಯ, ಬಾಯಿಯ ಅಂಗುಳದ ಬಳಿ ಚಂದ್ರ ಇರುತ್ತಾರೆ. ದೇಹ ತಿರುಗಿಸಿದಾಗ ಸೂರ್ಯ ಮೇಲಾಗಿ ಚಂದ್ರ ಕೆಳಗಾಗುತ್ತಾನೆ. ಹೆಸರು ಕೇಳಿ ಇದೇನೋ ಅತಿಯಾದ ಕಸರತ್ತು ಎಂದು ಹಿಂಜರಿಯುವವರು ಉಂಟು. ಗೋಡೆಗೆ ಕಾಲು ಆನಿಸಿ ಮಲಗುವ ಸುಲಭದ ಬಗೆಯೂ ಇದೇ ಹೆಸರಿನಲ್ಲಿ ನಡೆಯುತ್ತದೆ.

ಆಯುರ್ವೇದದವರು ವಿಪರೀತ ಚಿಕಿತ್ಸೆ ಅಂದರೆ ಹೆದರಬೇಕೆ?

ಬೇಡ. ‘ಹೇತುವಿಪರೀತ’ ಅಂದರೆ ರೋಗದ ಕಾರಣಕ್ಕೆ ಎದುರಾದದ್ದು, ‘ವ್ಯಾಧಿವಿಪರೀತ’ ಅಂದರೆ ರೋಗಕ್ಕೇ ಎದುರಾದದ್ದು. ಉಷ್ಣದಿಂದ ಬಂದದ್ದಕ್ಕೆ ಶೀತ ಕೊಡುವುದು ಇದರ ಸರಳ ಉದಾಹರಣೆ.

ಹವಾಮಾನದ ಸುದ್ದಿಯಲ್ಲಿ ‘ವಿಪರೀತ ಮಳೆ’ ಅಂದರೆ ಎಷ್ಟು ಮಳೆ?

ಅದಕ್ಕೆ ಲೆಕ್ಕವಿಲ್ಲ. ಅದು ಜನರ ಮಾತು, ಇಲಾಖೆಯ ಮಾತಲ್ಲ. ಲೆಕ್ಕ ಇರುವುದು ‘ವಾಡಿಕೆ’ ಎಂಬ ಪದದ ಸುತ್ತ. ಬಹಳ ವರ್ಷಗಳ ಸರಾಸರಿಯನ್ನು ವಾಡಿಕೆ ಮಳೆ ಅನ್ನುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದಕ್ಕಿಂತ ಶೇ 19ರವರೆಗೆ ಹೆಚ್ಚಾಗಲಿ, ಕಡಿಮೆಯಾಗಲಿ, ವಾಡಿಕೆ ಮಳೆಯೇ. ಶೇ 20ರಿಂದ 59ರಷ್ಟು ಹೆಚ್ಚಾದರೆ ಹೆಚ್ಚುವರಿ, ಶೇ 60 ಮುಟ್ಟಿದರೆ ಭಾರಿ ಹೆಚ್ಚುವರಿ. ಕೆಳಗಿಳಿದರೆ ಶೇ 20ರಿಂದ 59ರವರೆಗೆ ಕೊರತೆ, ಶೇ 60ರಿಂದ 99ರವರೆಗೆ ಭಾರಿ ಕೊರತೆ.

ಬಿಸಿಲಿಗೂ ಇಂಥದೇ ಗೆರೆ ಇದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ ಎನ್ನುತ್ತಾರೆ, 6.4 ದಾಟಿದರೆ ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯೇ, 47 ಮುಟ್ಟಿದರೆ ತೀವ್ರ.

ಕಲಬುರಗಿಯವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಬೇರೆ ಊರಿನಿಂದ ಬಂದವರಿಗೆ ವಿಪರೀತ. ನಮ್ಮ ಊರಿನ ವಾಡಿಕೆಯೇ 40ರ ಆಸುಪಾಸು ಇರುವುದರಿಂದ ಇಲಾಖೆಯ ಲೆಕ್ಕಕ್ಕೆ ಅದು ಬಿಸಿಗಾಳಿ ಅಲ್ಲದಿರಬಹುದು. ಹಾಗಂತ ಮಧ್ಯಾಹ್ನ ಗಾರೆ ಹೊರುವ ಕೂಲಿಯವನ ಮೈಗೆ ಅದು ಕಡಿಮೆ ಸುಡುವುದಿಲ್ಲ. ಅವನು ವಿಪರೀತ ಅಂದದ್ದು ತನ್ನ ಮೈಯ ಅಳತೆಯಿಂದ, ಇಲಾಖೆ ಅಲ್ಲ ಅಂದದ್ದು ಸರಾಸರಿಯ ಅಳತೆಯಿಂದ. ಇಬ್ಬರ ಮಾತೂ ದಿಟ. ಸುದ್ದಿ ಬರೆಯುವವರು ಯಾರ ಅಳತೆ ಎಂದು ತಿಳಿಸಿದರೆ ಸಾಕು.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳು ಮುಳುಗಿದಾಗಲೂ ಈ ಗೊಂದಲವಿತ್ತು. ಇಲ್ಲಿಯ ಮಳೆಯ ಜೊತೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಬಂದು ಸೇರಿತ್ತು. ಎಲ್ಲವನ್ನೂ ‘ವಿಪರೀತ ಮಳೆ’ ಎಂಬ ಎರಡು ಪದದಲ್ಲಿ ಮುಗಿಸಿದರೆ ಹೊಳೆಯ ನೀರು ಎಲ್ಲಿಂದ ಬಂತೆಂಬುದೇ ಮರೆಯಾಗುತ್ತದೆ.

ಹಾಗಾದರೆ ವರದಿಯಲ್ಲಿ, ಪಾಠದಲ್ಲಿ ಏನು ಬರೆಯಬೇಕು?

ಸರಾಸರಿಯಿಂದ ಎಷ್ಟು ಸರಿದಿದೆ ಎಂಬ ಲೆಕ್ಕಕ್ಕೆ ‘ವಿಚಲನೆ’. ಗಣಿತದಲ್ಲಿ ‘ಮಾನಕ ವಿಚಲನೆ’ ಎಂದು ಮಕ್ಕಳು ಓದಿಯೇ ಇರುತ್ತಾರೆ. ಆಸ್ಪತ್ರೆಯ ವರದಿಗೆ ‘ಅಸಹಜ’. ‘ಅಸಾಮಾನ್ಯ’ ಎಂದು ಅಲ್ಲಿ ಬರೆಯಬೇಡಿ, ಕನ್ನಡದಲ್ಲಿ ಅದಕ್ಕೆ ಹೊಗಳಿಕೆ ಅಂಟಿಕೊಂಡಿದೆ: ಅಸಾಮಾನ್ಯ ಪ್ರತಿಭೆ, ಅಸಾಮಾನ್ಯ ಧೈರ್ಯ. ನಿಯಮಕ್ಕೆ ಹೊರತಾದದ್ದು ‘ಅಪವಾದ’. ವಿರುದ್ಧವಾದದ್ದಕ್ಕೆ ‘ವಿರುದ್ಧ’, ‘ಎದುರು’, ‘ತದ್ವಿರುದ್ಧ’. ಹೆಚ್ಚಾದದ್ದಕ್ಕೆ ವಿಪರೀತ ಇರಲಿ. ಅಲ್ಲಿ ಅದು ಹಾಯಾಗಿದೆ.

ಅಬ್‌ನಾರ್ಮಲ್ ಅನ್ನುವ ಇಂಗ್ಲಿಷ್ ಪದದ ಒಳಗೂ ‘ದಾರಿ’ ಇದೆಯೆ?

ಅದರೊಳಗೆ ಇರುವುದು ಬಡಗಿಯ ಮೂಲೆಮಟ್ಟ. ಲ್ಯಾಟಿನ್‌ನಲ್ಲಿ ‘ನೊರ್ಮಾ’ ಅಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆಯೋ ನೋಡುವ ಸಾಧನ. ಅದಕ್ಕೆ ಹೊಂದಿದ್ದು ನಾರ್ಮಲ್, ಹೊಂದದ್ದು ಅಬ್‌ನಾರ್ಮಲ್. ಶಹಾಬಾದ್ ಪರಸಿ ಹಾಸುವವರನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ: ಕಲ್ಲಿನ ಮೂಲೆಗೆ ಮಟ್ಟ ಹಿಡಿದು, ಒಂದು ಕಡೆ ಬೆಳಕು ಹಾಯ್ದರೆ ಅಂಚನ್ನು ಉಳಿಯಿಂದ ಕೆತ್ತಿ, ಮತ್ತೆ ಹಿಡಿದು ನೋಡುತ್ತಾರೆ. ದಾರಿ ಇರುವುದು ‘ಡೀವಿಯೇಟ್’, ಅಂದರೆ ದಾರಿ ಬಿಟ್ಟು ಸರಿ, ಎಂಬುದರಲ್ಲಿ. ಅಲ್ಲಿಯ ‘ವಿಯಾ’ ಅಂದರೆ ಲ್ಯಾಟಿನ್‌ನಲ್ಲಿ ದಾರಿ.

ಅಚ್ಚಗನ್ನಡದಲ್ಲಿ ಇದಕ್ಕೆ ಪದಗಳಿಲ್ಲವೆ?

ಏಕಿಲ್ಲ? ಎಲ್ಲೆ ಮೀರು, ಅಳತೆ ಮೀರು, ಅಡ್ಡಾದಿಡ್ಡಿ, ಸೊಟ್ಟ, ತಿರುಗಾಮುರುಗಾ. ದಾರಿ ತಪ್ಪುವುದಕ್ಕೆ ‘ಹೊಲಬುಗೆಡು’ ಎಂಬ ಹಳೆಯ ಚೆಂದದ ಪದವಿದೆ. ಹೊಲಬು ಅಂದರೆ ದಾರಿ. ಅದು ಮತ್ತೆ ಬಳಕೆಗೆ ಬಂದರೆ ನನಗೆ ನಿಜಕ್ಕೂ ಸಂತೋಷ.

ನಮ್ಮ ಭಾಗದ ಮಾತಿಗೆ ಉರ್ದುವಿನ ಪಾಲೂ ದೊಡ್ಡದು. 1948ರವರೆಗೆ ಇದು ನಿಜಾಮರ ಹೈದರಾಬಾದ್ ರಾಜ್ಯ, ಕಚೇರಿಯ ಭಾಷೆ ಉರ್ದು. ‘ಹದ್ದು ಮೀರಿದ’ ಅನ್ನುವಾಗಿನ ಹದ್ದು, ಅರಬ್ಬಿಯ ‘ಹದ್’, ಅಂದರೆ ಗಡಿ. ಸರಹದ್ದಿನಲ್ಲೂ ಅದೇ ಇದೆ. ವಿರುದ್ಧಕ್ಕೆ ‘ಖಿಲಾಫ್’, ತಿರುಗಿದ್ದಕ್ಕೆ ‘ಉಲ್ಟಾ’. ವಿಪರೀತದ ಹಳೆಯ ಅರ್ಥದ ಕೆಲಸವನ್ನು ಇಲ್ಲಿ ಉಲ್ಟಾ ಮಾಡುತ್ತಿರುವಾಗ, ವಿಪರೀತ ಹೆಚ್ಚಳದ ಅರ್ಥದಲ್ಲೇ ಆರಾಮವಾಗಿ ಉಳಿದುಕೊಂಡಿದೆ.

ಇನ್ನೊಂದು ಮಾತು ನನಗೆ ತುಂಬ ಇಷ್ಟ. ಅನಾಹುತ ಆದೀತು ಅನ್ನುವುದಕ್ಕೆ ನಮ್ಮ ಹೆಂಗಸರು ‘ಏನರೆ ಹೆಚ್ಚುಕಮ್ಮಿ ಆದ್ರ ಏನ್ ಮಾಡ್ಲಿ?’ ಅನ್ನುತ್ತಾರೆ. ಕೆಟ್ಟದ್ದರ ಹೆಸರು ಹೇಳುವುದೇ ಇಲ್ಲ. ಇರಬೇಕಾದ ಅಳತೆಗಿಂತ ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಮರಾಠಿ ‘ವಿಪರೀತ’ ಎಂದು ಹೇಳುವುದನ್ನು ಕನ್ನಡ ಇಷ್ಟು ಮೆಲ್ಲಗೆ ಹೇಳಿ ಮುಗಿಸುತ್ತದೆ.

ವಿಕೃತ, ವಿಚಿತ್ರ, ವಿಲಕ್ಷಣ ಇವೆಲ್ಲ ಒಂದೇ ಏನು?

‘ವಿ’ ಒಂದೇ, ಉಳಿದದ್ದು ಬೇರೆ. ವಿಚಿತ್ರಕ್ಕೆ ಮೂಲದಲ್ಲಿ ‘ಬಗೆಬಗೆಯ ಬಣ್ಣದ್ದು’ ಎಂಬರ್ಥ. ವಿಲಕ್ಷಣ ಅಂದರೆ ಬೇರೆ ಲಕ್ಷಣದ್ದು. ವಿಕೃತ ಅಂದರೆ ಬದಲಾದದ್ದು.

ವಿಕೃತದ ಬಗ್ಗೆ ನನಗೆ ಸಂಕಟವಿದೆ. ಅಪರಾಧದ ಸುದ್ದಿಗಳಲ್ಲಿ ಕೇಳಿ ಕೇಳಿ ಅದು ಬೈಗುಳವಾಗಿಬಿಟ್ಟಿದೆ. ಹಿಂದುಸ್ತಾನಿ ಸಂಗೀತ ಕಲಿಯುವವರನ್ನು ಕೇಳಿ: ಏಳು ಶುದ್ಧ ಸ್ವರ, ಐದು ವಿಕೃತ ಸ್ವರ. ರಿ, ಗ, ಧ, ನಿ ಇಳಿದರೆ ಕೋಮಲ, ಮ ಏರಿದರೆ ತೀವ್ರ. ಸ ಮತ್ತು ಪ ಅಚಲ. ಭೈರವ ರಾಗದ ಬೆಳಗು ಮೂಡುವುದು ಕೋಮಲ ರಿ, ಕೋಮಲ ಧ ಎಂಬ ಎರಡು ವಿಕೃತ ಸ್ವರಗಳಿಂದ. ಪಂಚಾಂಗದ 60 ಸಂವತ್ಸರಗಳಲ್ಲೂ ‘ವಿಕೃತಿ’ ಒಂದು, 2010ರ ಯುಗಾದಿಗೆ ಬಂದಿತ್ತು. ‘ವಿಕಾರಿ’ ಇನ್ನೊಂದು, 2019ರದು.

ಮನುಷ್ಯರಿಗೆ ಈ ಪದಗಳನ್ನು ಬಳಸಬಹುದೆ?

‘ಅಂವ ವಿಪರೀತ ಮಾಡ್ತಾನ’ ಅನ್ನುವುದು ನಡತೆಯ ಮೇಲಿನ ಮಾತು, ಅದು ಸರಿ. ಹುಟ್ಟಿನಿಂದ ಬೇರೆ ಥರ ಇರುವ ಮಗುವಿಗೆ ವಿಕೃತ, ವಿರೂಪ, ಅಬ್‌ನಾರ್ಮಲ್ ಎಂದು ಬರೆಯಬೇಡಿ, ದಾಖಲೆಯಲ್ಲೂ ಬೇಡ. ಕಿವಿ ಕೇಳದಿದ್ದರೆ ‘ಕಿವಿ ಕೇಳುವುದಿಲ್ಲ’, ನಡೆಯಲು ಬರದಿದ್ದರೆ ‘ನಡೆಯಲು ಬರುವುದಿಲ್ಲ’ ಎಂದು ಬರೆಯಿರಿ. ಓದಿದವರಿಗೆ ವಿಷಯವೂ ತಿಳಿಯುತ್ತದೆ, ಮನೆಯವರು ಆ ಕಾಗದ ಮಡಚಿ ಬಚ್ಚಿಡುವ ಹಾಗೂ ಆಗುವುದಿಲ್ಲ.

‘ಇಪರೀತ’ ಅನ್ನುವುದು ತಪ್ಪೇ?

ಬರೆಯುವಾಗ ‘ವಿಪರೀತ’ ಬರೆಯಿರಿ. ಮಾತಿನಲ್ಲಿ ‘ಇಪರೀತ’ ಅನ್ನುವವರನ್ನು ತಿದ್ದಲು ಹೋಗಬೇಡಿ. ವ್ಯಾಪಾರ ‘ಯಾಪಾರ’ ಆದ ದಾರಿಯಲ್ಲೇ ಅದೂ ಬಂದಿದೆ, ಹೊಲದಲ್ಲಿ ದುಡಿಯುವ ಹಿರಿಯರ ಬಾಯಲ್ಲಿ ಅದೇ ಸರಿಯಾದ ಕನ್ನಡ.